ಎರಡು ಹೆಸರಿನ ಮಾತ್ರೆ

"ಎರಡಪ್ಪನಿಗೆ ಹುಟ್ಟಿದ ನನ್ಮಗನೇ, ಕಣ್ಣು ಎಲ್ಲಿಟ್ಟಿದ್ಯೋ?"

ಸೂಪರ್‌ವೈಸರ್ ಮಾತ್ರೆ ಕೂರಿಸಿದ ಪಟ್ಟಿಯಿಂದಲೇ ನನ್ನ ಕೆನ್ನೆಗೆ ಹೊಡೆದ. ಅಷ್ಟೇನೂ ನೋವಾಗಲಿಲ್ಲ. ಪಟ್ಟಿ ಹಗುರ, ನನ್ನ ಮಾನ ಅದಕ್ಕಿಂತ ಹಗುರ.

ತಪ್ಪು ನನ್ನದೇ. ನಮ್ಮ ಔಷಧಿ ಕಾರ್ಖಾನೆಯ ಯಂತ್ರದ ತೊಟ್ಟಿಗೆ ಸುರಿಯುವ ಮಾತ್ರೆ ಒಂದೇ. ಅದರ ಬೆನ್ನಿಗೆ ಅಂಟುವ ಬೆಳ್ಳಿ ಹಾಳೆಯ ಸುರುಳಿ ಮಾತ್ರ ಎರಡು ಬಗೆ: ಬೆಳಿಗ್ಗೆ ನೀಲಿ ಕಂಪನಿಯ ಹೆಸರಿನದು, ಮಧ್ಯಾಹ್ನ ಕೆಂಪು ಕಂಪನಿಯದು. ಒಂದು ಸುರುಳಿಯ ಬಾಲಕ್ಕೆ ಇನ್ನೊಂದರ ತಲೆಯನ್ನು ಟೇಪು ಹಚ್ಚಿ ಅಂಟಿಸುವುದು ನನ್ನ ಕೆಲಸ. ಅಂಟಿಸಿದ ಜಾಗದಲ್ಲಿ ಬರುವ ಪಟ್ಟಿಗೆ ಅರ್ಧ ನೀಲಿ ಹೆಸರು, ಅರ್ಧ ಕೆಂಪು. ಅದನ್ನು ಕತ್ತರಿಸಿ ಎಸೆಯಬೇಕು. ಎಸೆಯದೆ ಡಬ್ಬಿಗೆ ಹೋಗಲು ಬಿಟ್ಟಿದ್ದೆ.

"ಅಂಗಡಿಗೆ ಹೋಗಿದ್ರೆ ಎಲ್ಲರ ಬಾಯಿಗೂ ಮಣ್ಣು ಬೀಳ್ತಿತ್ತು, ಲೋಫರ್! ಬಿಎಸ್ಸಿ ಓದಿದಾನಂತೆ, ಬಿಎಸ್ಸಿ!"

ಓದಿದ್ದು ನಿಜ. ರಸಾಯನಶಾಸ್ತ್ರ. ಅದಕ್ಕೇ ಇಲ್ಲಿ ಎಲ್ಲರಿಗೂ ನಾನು ಸೈಂಟಿಸ್ಟು. ಡಬ್ಬಿ ಮುಚ್ಚುವ ದೊಡ್ಡಮ್ಮ "ಸೈಂಟಿಸ್ಟೇ, ಆ ಟೇಪು ಕೊಡಪ್ಪ" ಎಂದಾಗ ಈಗಲೂ ಕೊಂಚ ಎದೆ ಉಬ್ಬುತ್ತದೆ.

ಈ ಸೈಂಟಿಸ್ಟನ ಸಂಶೋಧನೆ ಕೇಳಿ. ಅಕ್ಕನಿಗೆ ಮೂರ್ಛೆರೋಗ. ಅವಳಿಗೆ ಬೇಕಾದದ್ದು ಇದೇ ಮಾತ್ರೆ. ಪೇಟೆಯಲ್ಲಿ ಅದಕ್ಕಿರುವುದು ಎರಡೇ ಹೆಸರು. ಕೆಂಪಿಗೆ ಬೆಲೆ ತುಸು ಜಾಸ್ತಿ. ನಾನು ಕೆಂಪನ್ನೇ ತರುತ್ತಿದ್ದೆ.

"ಎರಡನ್ನೂ ನೀನೇ ತುಂಬ್ತೀಯಲ್ಲೋ, ಏನು ವ್ಯತ್ಯಾಸ?" ಎಂದು ಅಕ್ಕ ಕೇಳಿದ್ದಳು.

"ನಿಂಗೆ ಗೊತ್ತಾಗಲ್ಲ ಸುಮ್ನಿರಕ್ಕ. ಕೆಂಪಿಗೆ ಪವರ್ ಜಾಸ್ತಿ."

ಆಮೇಲೆ ಬೆಲೆ ಮತ್ತೆ ಏರಿತು. "ಇವತ್ತು ನೀಲಿ ಏರಿದ್ರೆ ನಾಳೆ ಕೆಂಪು ಏರುತ್ತೆ ಅಣ್ಣ" ಎಂದ ಔಷಧಿ ಅಂಗಡಿಯವನು. "ಬೀದೀಲಿ ಜಗಳ, ಮನೇಲಿ ಒಂದೇ ತಟ್ಟೆ." ನಾನು ಎಲ್ಲ ಅರ್ಥವಾದವನಂತೆ ನಕ್ಕು, ಮತ್ತೆ ಕೆಂಪನ್ನೇ ಕೊಂಡೆ.

ಕೆಲವೇ ದಿನಗಳಲ್ಲಿ ಅಕ್ಕ ಒಲೆಯ ಮುಂದೆ ಮೂರ್ಛೆ ಬಂದು ಬಿದ್ದಳು. ಕುದಿಯುವ ನೀರು ಮಗುಚಿ ಕೈ ಮೊಣಕೈವರೆಗೂ ಬೆಂದಿತು. ಅವಳ ಮಾತ್ರೆಯ ಡಬ್ಬಿ ತೆರೆದರೆ ಮುರಿದ ಅರ್ಧ ಮಾತ್ರೆಗಳು.

"ಅರ್ಧ ಯಾಕೆ ನುಂಗಿದೆ?" ಎಂದು ಕೂಗಾಡಿದೆ.

"ಅಷ್ಟು ಬೆಲೆ ಕೊಟ್ಟು ತರ್ತೀಯ. ಕೆಂಪಿಗೆ ಪವರ್ ಜಾಸ್ತಿ ಅಂದಿದ್ಯಲ್ಲೋ. ಅರ್ಧವೇ ಸಾಕು ಅನ್ಕೊಂಡೆ."

ಕಾರ್ಖಾನೆಗೆ ಸ್ಪರ್ಧಾ ಆಯೋಗದವರು ಬರುತ್ತಾರೆಂಬ ಸುದ್ದಿ ಹಬ್ಬಿದ್ದು ಆಗಲೇ.

"ಸ್ಪರ್ಧೆ ಅಂದ್ರೆ ಎಂಥದ್ದಪ್ಪ? ಓಟದ್ದಾ?" ಎಂದಳು ದೊಡ್ಡಮ್ಮ.

"ಬೆಲೇದು ದೊಡ್ಡಮ್ಮ. ಕಂಪನಿಗಳು ಪೈಪೋಟಿ ಮಾಡಿದ್ರೆ ಬೆಲೆ ಇಳಿಯುತ್ತೆ. ಒಳಗೊಳಗೇ ಮಾತಾಡ್ಕೊಂಡು ಏರಿಸಿದ್ರೆ ಇವರು ದಂಡ ಹಾಕ್ತಾರೆ. ನೀಲಿಯವರು, ಕೆಂಪಿನವರು ನಮಗೆ ಸಂಬಂಧಾನೇ ಇಲ್ಲ, ಕಾರ್ಖಾನೇನೂ ಬೇರೆ ಬೇರೆ ಅಂತ ಹೇಳಿದಾರಂತೆ."

"ಹಂಗಾದ್ರೆ ಇದು ಯಾರಪ್ಪನ ಕಾರ್ಖಾನೆ? ಹೇಳಿಬಿಡೋದಲ್ವಾ?"

"ಹೇಳೋರು ಯಾರು?"

ಇಬ್ಬರೂ ಯಂತ್ರದ ಕಡೆ ನೋಡಿದೆವು, ಅದೇ ಹೇಳಲಿ ಎಂಬಂತೆ.

ಅವರು ಬರುವ ಬೆಳಿಗ್ಗೆ ಕೆಂಪು ಡಬ್ಬಿ, ಕೆಂಪು ಸುರುಳಿಗಳನ್ನೆಲ್ಲ ಹೊತ್ತು ಕಕ್ಕಸಿಗೆ ತುಂಬುವ ಕೆಲಸ ನನಗೇ ಬಿತ್ತು.

"ಕೆಂಪು ಅಂದ್ರೆ ಏನಂತಾನೇ ನಿಂಗೊತ್ತಿಲ್ಲ. ಗೊತ್ತಾಯ್ತಾ?" ಎಂದ ಸೂಪರ್‌ವೈಸರ್.

"ಗೊತ್ತಾಯ್ತು ಸಾರ್."

"ಏನು ಗೊತ್ತಾಯ್ತು?"

"ಗೊತ್ತಿಲ್ಲ ಅಂತ ಸಾರ್."

ಒಂದು ಸುರುಳಿಯನ್ನು ಮಾತ್ರ ನನ್ನ ಸ್ಟೂಲಿನ ಕೆಳಗೆ ಚಿಂದಿಬಟ್ಟೆಯಲ್ಲಿ ಸುತ್ತಿಟ್ಟೆ. ಧೈರ್ಯ ಎನ್ನಬೇಡಿ. ಇಡುವಾಗ ಎರಡು ಸಲ ಮೂತ್ರಕ್ಕೆ ಅವಸರವಾಯಿತು, ಕಕ್ಕಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆಯೋಗದ ಅಧಿಕಾರಿ ಮೇಡಂ ನನ್ನ ಯಂತ್ರದ ಹತ್ತಿರವೇ ನಿಂತರು. "ಕೆಂಪು ಹೆಸರಿನ ಮಾತ್ರೇನೂ ಇಲ್ಲೇ ತಯಾರಾಗುತ್ತಾ?"

ಇದಕ್ಕೆಂದೇ ಕನ್ನಡಿಯ ಮುಂದೆ ಭಾಷಣ ಕಲಿತಿದ್ದೆ. ಅಕ್ಕನ ಕೈಯಿಂದ ಶುರು, ಬಡವರ ಬಾಳಿನಿಂದ ಮುಕ್ತಾಯ. ಸೂಪರ್‌ವೈಸರನ ಉಸಿರು ಕುತ್ತಿಗೆಗೆ ತಾಗುತ್ತಿತ್ತು.

"ಗೊತ್ತಿಲ್ಲ ಮೇಡಂ" ಎಂದೆ. ಪರೀಕ್ಷೆಯಲ್ಲೂ ಇಷ್ಟು ಸರಾಗವಾಗಿ ಉತ್ತರ ಹೇಳಿದವನಲ್ಲ.

ಅವರು ತಿರುಗಿದರು. ಅಷ್ಟರಲ್ಲಿ ನೀಲಿ ಸುರುಳಿ ಮುಗಿಯುತ್ತ ಬಂತು. ಬಾಯಿ ಮಾರಿಕೊಂಡವನ ಕೈ ಸ್ಟೂಲಿನ ಕೆಳಗೆ ಹೋಯಿತು. ಬಾಲಕ್ಕೆ ತಲೆ ಕೂಡಿಸಿ, ಟೇಪು ಎಳೆದು ಅಂಟಿಸಿತು. ದೊಡ್ಡಮ್ಮ ನೋಡಿದಳು. ನೋಡಿ, ಪೇರಿಸಿಟ್ಟ ಡಬ್ಬಿಗಳನ್ನು ಮೊಣಕೈಯಿಂದ ಸೂಪರ್‌ವೈಸರನ ಕಾಲಿಗೆ ಕೆಡವಿದಳು.

"ಕಣ್ಣು ಹೋಗಿದ್ಯೇನೇ ಮುದಿ ಕತ್ತೆ!" ಅವನು ಬಗ್ಗಿದ.

ಪಟ್ಟಿ ಬಿಸಿಬಿಸಿಯಾಗಿ ಹೊರಬಂತು. ಕತ್ತರಿಸಿ, ಓಡಿಹೋಗಿ ಮೇಡಂ ಕೈಗಿಟ್ಟೆ.

"ಇದೇನಪ್ಪ, ಒಂದೇ ಪಟ್ಟಿಗೆ ಎರಡು ಹೆಸರು?"

ಭಾಷಣದ ಒಂದು ಪದವೂ ನೆನಪಾಗಲಿಲ್ಲ.

"ಅಪ್ಪ ಒಬ್ಬನೇ ಮೇಡಂ" ಎಂದೆ. ಕಳ್ಳಬೆಕ್ಕಿನ ಬಾಲ ತುಳಿದಂತಿತ್ತು ನನ್ನ ದನಿ.

ಸೂಪರ್‌ವೈಸರ್ ನನ್ನ ಕೊರಳಪಟ್ಟಿ ಹಿಡಿದು, ಯಂತ್ರದ ಕಡೆ ತಿರುಗಿ ಅರಚಿದ: "ಏಯ್, ಆಫ್ ಮಾಡೇ ಅದನ್ನ!"

ಸ್ವಿಚ್ಚು ದೊಡ್ಡಮ್ಮನ ಮೊಣಕೈ ಪಕ್ಕದಲ್ಲೇ ಇತ್ತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕೂತಳು.

"ಯಾವುದು ಸಾರ್? ನಂಗೊತ್ತಿಲ್ಲ ಸಾರ್."

ಯಂತ್ರ ನಡೆಯುತ್ತಲೇ ಇತ್ತು. ನೀಲಿ ಡಬ್ಬಿಗಳ ಮೇಲೆ ಕೆಂಪು ಹೆಸರು ಒಂದರ ಹಿಂದೊಂದು ಬೀಳುತ್ತಲೇ ಇತ್ತು.