ಒಂಬತ್ತು ನಿಮಿಷದ ಕಂಪ್ಯೂಟರ್

ಕಂಪ್ಯೂಟರ್ ಮೊದಲ ಸಲ ಕಣ್ಣು ಮುಚ್ಚಿದಾಗ ವಾಚಿನ ಮಾವ ಕರೆಂಟ್ ಹೋಯಿತು ಎಂದುಕೊಂಡರು. ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಎರಡನೆಯ ಸಲ, ಪ್ಲಗ್ ಸಡಿಲವಿರಬೇಕು ಎಂದರು. ಮೂರನೆಯ ಸಲ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟರು. ಗುಂಡಿ ಒತ್ತಿದ ಮೇಲೆ ಪ್ರತಿ ಸಲವೂ ಸರಿಯಾಗಿ ಒಂಬತ್ತು ನಿಮಿಷಕ್ಕೆ. ನಲವತ್ತು ವರ್ಷ ವಾಚು ರಿಪೇರಿ ಮಾಡಿದವರಿಗೆ ಒಂಬತ್ತು ನಿಮಿಷ ಅಳೆಯಲು ಗಡಿಯಾರವೇನೂ ಬೇಕಿರಲಿಲ್ಲ.

ಕಂಪ್ಯೂಟರ್ ಬೇಕಾಗಿದ್ದದ್ದು ಸೊಸೆಗೆ. ಅವಳದು ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವ ಕೆಲಸ. ಹೋಗುತ್ತಿದ್ದ ಆಫೀಸು ಬಿಟ್ಟು, ಮನೆಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ಸ್ವಂತವಾಗಿ ಮೊದಲ ಕೆಲಸ ಹಿಡಿದಿದ್ದಳು. ಸೋಮವಾರ ಬೆಳಗ್ಗೆ ನಕ್ಷೆ ಕೊಡಬೇಕು, ಇವತ್ತು ಶನಿವಾರ ಮಧ್ಯಾಹ್ನ. ಅವಳ ಹಳೆಯ ಕಂಪ್ಯೂಟರಾದರೋ ನಕ್ಷೆಯಲ್ಲಿ ಒಂದು ಗೋಡೆ ಸರಿಸಿದರೆ, ಎದ್ದುಹೋಗಿ ಟೀ ಕುಡಿದು ಬರುವಷ್ಟು ಹೊತ್ತು ಯೋಚನೆ ಮಾಡುತ್ತಿತ್ತು.

ಹೊಸದನ್ನು ಕಂಪನಿಯದ್ದೇ ತರುವುದೋ, ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವುದೋ ಎಂದು ಒಂದು ವಾರ ಊಟದ ಹೊತ್ತಿಗೆಲ್ಲ ಚರ್ಚೆ ನಡೆದಿತ್ತು. ಮಗ ಕಂಪನಿಯ ಕಡೆ. “ತಂದು ಪ್ಲಗ್ ಹಾಕಿದ್ರೆ ಮುಗೀತು. ಕೆಟ್ರೆ ಒಂದು ಫೋನ್ ಮಾಡಿದ್ರೆ ಅವರೇ ಬರ್ತಾರೆ.” ಮಾವನ ಹೆಂಡತಿಯೂ ಅದೇ ಕಡೆ. “ನಮ್ಮ ಮನೇಲಿ ಬಿಚ್ಚಿದ್ದೆಲ್ಲ ತಿರುಗಿ ಮುಚ್ಚಿದ್ದುಂಟಾ?”

ಮಾವನೂ ಒಳಗೊಳಗೆ ಕಂಪನಿಯ ಕಡೆಯೇ. ಕಾರಣವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಆರು ತಿಂಗಳ ಹಿಂದೆ ಯಾರದೋ ವಾಚಿನ ಕೂದಲೆಳೆಯಂಥ ಸ್ಪ್ರಿಂಗು ಚಿಮಟದಿಂದ ಜಾರಿ, ಸೊಟ್ಟಗಾಗಿ, ಎಷ್ಟು ಹೆಣಗಿದರೂ ನೆಟ್ಟಗಾಗಿರಲಿಲ್ಲ. ಅವತ್ತೇ ಅವರ ಧೈರ್ಯ ಹೋಯಿತು. ಕೈ ಮುಗಿಯಿತು ಅಂದುಕೊಂಡರು. ವಯಸ್ಸಾಯ್ತು, ಇನ್ನು ಸಾಕು ಎಂದು ಊರಿಗೆಲ್ಲ ಹೇಳಿ ಅಂಗಡಿಯ ಬಾಗಿಲು ಎಳೆದರು.

“ಕಂಪನಿಯದ್ದೇ ತಗೊಳ್ಳಮ್ಮ, ತಲೆನೋವು ಇರಲ್ಲ,” ಎಂದು ಅವರೂ ಹೇಳಿ ನೋಡಿದ್ದರು.

ಸೊಸೆ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದಳು. “ಅದೇ ದುಡ್ಡಿಗೆ ಬಿಡಿಭಾಗ ತಂದ್ರೆ ಎರಡರಷ್ಟು ಜೋರಾಗಿ ಓಡೋದು ಬರುತ್ತೆ. ಜೋಡಿಸೋಕೆ ಮಾವ ಇದ್ದಾರಲ್ಲ.” ಎಲ್ಲರೂ ಅವರ ಮುಖ ನೋಡಿದರು. ನಲವತ್ತು ವರ್ಷದ ಮರ್ಯಾದೆ ‘ಇಲ್ಲ’ ಎನ್ನಲು ಬಿಡಲಿಲ್ಲ. ಹೂಂ ಎಂದರು.

ಜೋಡಿಸುವಾಗ ಖುಷಿಯಾಗಿದ್ದೂ ನಿಜ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸೊಸೆ ಫೋನಿನಲ್ಲಿ ನೋಡಿ ಓದಿ ಹೇಳಿದಂತೆ ಪ್ರೊಸೆಸರ್ ಎಂಬ ಬಿಲ್ಲೆಯನ್ನು ಕೂರಿಸಿದರು. ಆ ಬಿಲ್ಲೆಯ ಅಡಿಯಲ್ಲಿ ಸಾವಿರಕ್ಕೂ ಮಿಕ್ಕಿ ಕಾಲುಗಳು. ಮೇಲೆ ಬೂದು ಬಣ್ಣದ ಪೇಸ್ಟ್ ಹಚ್ಚಿ, ಅದರ ಮೇಲೆ ಫ್ಯಾನ್ ಬಿಗಿದರು. ಗುಂಡಿ ಒತ್ತಿದ ಕೂಡಲೇ ಪರದೆ ಬೆಳಗಿತು. ಆಮೇಲೆ ಶುರುವಾದದ್ದು ಈ ಒಂಬತ್ತು ನಿಮಿಷದ ಕಾಟ.

“ಕಂಪನಿಯದ್ದು ತಂದುಬಿಡಮ್ಮ,” ಎಂದರು ಮಾವ. “ಅಂಗಡಿ ಇನ್ನೂ ತೆಗೆದಿರುತ್ತೆ. ಇದು ನನ್ನ ಕೈಲಾಗೋ ಕೆಲಸ ಅಲ್ಲ.”

ಸೊಸೆ ಉಗುರು ಕಚ್ಚುತ್ತಾ ಕಂಪ್ಯೂಟರನ್ನು ನಾಲ್ಕನೆಯ ಸಲ ಹೊತ್ತಿಸಿ, ಅದರ ಒಳಗಿನ ಲೆಕ್ಕಾಚಾರ ತೋರಿಸುವ ಪುಟ ತೆರೆದಳು. ಅಲ್ಲಿ ಬಿಲ್ಲೆಯ ಬಿಸಿಯ ಅಂಕಿ ಏರುತ್ತಿತ್ತು. ಅರವತ್ತು, ಎಂಬತ್ತು, ತೊಂಬತ್ತೈದು. ಆಮೇಲೆ ಕತ್ತಲೆ.

“ಕೆಟ್ಟಿಲ್ಲ ಮಾವ,” ಎಂದಳು. “ಜ್ವರ ಬಂದಿದೆ. ಫ್ಯಾನ್ ಬಿಚ್ಚಿ, ನೋಡೋಣ.”

ಬಿಚ್ಚಿದರು. ಬಿಲ್ಲೆಯ ನಟ್ಟನಡುವೆ ಸಾಸಿವೆ ಕಾಳಿನಷ್ಟು ಪೇಸ್ಟ್. ಸುತ್ತಲೂ ಲೋಹ ಫಳಫಳ.

“ಇಷ್ಟೇನಾ ಹಾಕಿದ್ದು?”

“ಇದೇ ಜಾಸ್ತಿಯಾಯ್ತೇನೋ ಅಂತ ಸೂಜಿಯಲ್ಲಿ ಸ್ವಲ್ಪ ತೆಗೆದೆ,” ಎಂದರು ಮಾವ.

ಸೊಸೆ ಬಾಯಿಗೆ ಸೆರಗಡ್ಡ ಹಿಡಿದು ನಗತೊಡಗಿದಳು. ಮಾವನಿಗೆ ಸಿಟ್ಟು ಬಂತು. “ನಗೋದೇನಿದೆ? ವಾಚಿಗೆ ಎಣ್ಣೆ ಬಿಡೋದು ಹಾಗೇ. ಸೂಜಿ ಮೊನೆಯಷ್ಟು. ಒಂದು ಹನಿ ಜಾಸ್ತಿ ಆದ್ರೆ ಧೂಳು ಹಿಡಿದು ವಾಚು ಸಾಯುತ್ತೆ. ಕಲಿಯುವಾಗ ನಮ್ಮ ಮೇಷ್ಟ್ರು ಇದಕ್ಕೇ ಕೈಗೆ ಹೊಡೀತಿದ್ರು.”

“ಇದು ವಾಚಲ್ಲ ಮಾವ. ಪೇಸ್ಟ್ ಪೂರ್ತಿ ಹರಡಿದ್ರೆ ತಾನೇ ಬಿಲ್ಲೆಯ ಬಿಸಿ ಫ್ಯಾನಿಗೆ ದಾಟೋದು? ಬಟಾಣಿಯಷ್ಟು ಬೇಕು.” ಒರೆಸಲೆಂದು ಬಿಲ್ಲೆಯನ್ನು ಮೆಲ್ಲಗೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. “ನೋಡಿ. ಸಾವಿರ ಕಾಲಲ್ಲಿ ಒಂದೂ ಬಗ್ಗಿಲ್ಲ.”

ಮಾವ ಭೂತಗನ್ನಡಿ ಹಾಕಿಕೊಂಡು ನೋಡಿದರು. ಒಂದು ಸಾಲು ಮುಗಿಸಿ ಇನ್ನೊಂದು ಸಾಲು ನೋಡಿದರು. ಕಾಲುಗಳೆಲ್ಲ ನೆಟ್ಟಗೆ ನಿಂತಿದ್ದವು.

ಬಟಾಣಿಯಷ್ಟು ಪೇಸ್ಟ್ ಹಾಕುವಾಗ ಅವರ ಜೀವ ಚುರ್ ಎಂದಿತು. ದುಂದುಗಾರಿಕೆ ಅನ್ನಿಸಿತು. ಹಾಕಿ, ಬಿಗಿದು, ಗುಂಡಿ ಒತ್ತಿ ಕುಳಿತರು. ಒಂಬತ್ತನೆಯ ನಿಮಿಷಕ್ಕೆ ಉಸಿರು ಬಿಗಿಹಿಡಿದರು. ಹತ್ತಾಯಿತು. ಇಪ್ಪತ್ತಾಯಿತು. ಅಂಕಿ ನಲವತ್ತೆಂಟರಲ್ಲಿ ಪಟ್ಟಾಗಿ ಕೂತಿತ್ತು. ಸೊಸೆ ನಕ್ಷೆ ತೆರೆದು ಒಂದು ಗೋಡೆ ಸರಿಸಿದಳು, ಅದು ಥಟ್ಟನೆ ಸರಿಯಿತು. ಮಾವನಿಗೆ ಹೋದ ಜೀವ ಬಂದಂತಾಯಿತು. ಅಷ್ಟು ಹಗುರಾಗಿದ್ದರಿಂದಲೇ ಇರಬೇಕು, ಗುಟ್ಟನ್ನೂ ಬಾಯಿಬಿಟ್ಟರು.

“ನಾನು ಅಂಗಡಿ ಮುಚ್ಚಿದ್ದು ವಯಸ್ಸಾಯ್ತು ಅಂತ ಅಲ್ಲಮ್ಮ. ಭಯಕ್ಕೆ. ಕೈ ಹೋಯ್ತು ಅಂದ್ಕೊಂಡಿದ್ದೆ.”

“ಗೊತ್ತಿತ್ತು,” ಎಂದಳು ಸೊಸೆ ಪರದೆಯಿಂದ ಕಣ್ಣು ತೆಗೆಯದೆ. “ಆಮೇಲೆ ನೀವು ಪಕ್ಕದ ಮನೆಯವರ ವಾಚಿಗೆ ಒಂದು ಸೆಲ್ ಕೂಡ ಹಾಕಿಕೊಡಲಿಲ್ಲ.”

“ಗೊತ್ತಿದ್ದೂ ನನಗೆ ಕೊಟ್ಟೆಯಾ? ಅದೂ ನಿನ್ನ ಮೊದಲ ಕೆಲಸದ ಹೊತ್ತಲ್ಲಿ?”

“ಕೊಟ್ಟೆ. ಕೊಟ್ಟು, ಇವತ್ತು ಬೆಳಗ್ಗೆಯಿಂದ ನನ್ನನ್ನೇ ಬೈಕೊಳ್ತಿದ್ದೆ.” ಇಬ್ಬರೂ ನಕ್ಕರು.

ನಗು ಕೇಳಿ ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದರು. ಮಾವ ಎದ್ದು, ಹೆಂಡತಿಯ ಮುಂದೆ ಎರಡೂ ಕೈ ಚಾಚಿದರು.

“ನನ್ನ ಕೈಗೆ ಏನೂ ಆಗಿಲ್ಲ ಕಣೇ.”

ಆಕೆ ಆ ಕೈಗಳನ್ನು ನೋಡಿದರು, ಸೊಸೆಯನ್ನು ನೋಡಿದರು. ಅರ್ಥವಾಗಲು ತುಸು ಹೊತ್ತು ಹಿಡಿಯಿತು.

“ಆಗಿದೆ ಅಂದ್ಕೊಂಡು ಆರು ತಿಂಗಳು ಒಬ್ಬರೇ ಕೂತಿದ್ರಾ?” ಎಂದು ಕೇಳಿದರು. ವಾಚಿನ ಮಾವನಿಗೆ ಅಳು ಬಂದದ್ದು ಆಗ.