ಆರಿಸಿದ ಯಂತ್ರದ ಉತ್ತರ

ಆಸ್ಪತ್ರೆಯ ನೆಲಮಾಳಿಗೆಯ ಯಂತ್ರಕೋಣೆಗೆ ಹತ್ತೊಂಬತ್ತು ವರ್ಷಗಳಿಂದ ಒಬ್ಬನೇ ಮೇಲ್ವಿಚಾರಕ. ದಾದಿಯರು ಅವನನ್ನು ತಂತಿಯಪ್ಪನೆಂದು ಕರೆಯುತ್ತಿದ್ದರು. ಅವನಿಗೆ ಅದರಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚು. ಅಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಆರು ಕಂಪ್ಯೂಟರುಗಳಿದ್ದವು. ಕಣ್ಣಿಗೆ ಕಾಣುವಂಥವಲ್ಲ, ಒಂದೇ ಯಂತ್ರದ ಬಲವನ್ನು ಹಂಚಿಕೊಂಡು ಬದುಕುವ ವರ್ಚುವಲ್ ಮೆಷಿನ್‌ಗಳು. ಆದರೂ ಪ್ರತಿಯೊಂದಕ್ಕೂ ಬೇರೆ ಹೆಸರು, ಬೇರೆ ವಿಳಾಸ, ಬೇರೆ ಕೆಲಸ. ಅವುಗಳಲ್ಲೊಂದು ವರದಿಯಂತ್ರ: ಲ್ಯಾಬಿನವರು ಕಳುಹಿಸುವ ಪರೀಕ್ಷಾವರದಿಗಳನ್ನು ಪಡೆದು ಡಾಕ್ಟರುಗಳಿಗೆ ಮುಟ್ಟಿಸುವುದು ಅದರ ಕೆಲಸ.

ಇಪ್ಪತ್ತೈದು ದಿನಗಳಿಂದ ಆ ಯಂತ್ರದ ಸಂಪರ್ಕ ಕ್ಷಣ ಇದ್ದು ಕ್ಷಣ ಇಲ್ಲವಾಗುತ್ತಿತ್ತು. ಮೇಲಿನ ಮಹಡಿಯ ಬೆಂಚಿನ ಮೇಲೆ ಅವನ ಅಕ್ಕ ದಿನವೂ ಬಂದು ಕಾಯುತ್ತಿದ್ದಳು. ಅವಳ ಕತ್ತಿನ ಗಂಟಿನಿಂದ ಚೂರು ತೆಗೆದು ಲ್ಯಾಬಿಗೆ ಕೊಟ್ಟೂ ಅಷ್ಟೇ ದಿನಗಳಾಗಿದ್ದವು. ವರದಿ ಕೈಸೇರದೆ ಡಾಕ್ಟರು ಮುಂದಿನ ಹೆಜ್ಜೆ ಇಡುವಂತಿರಲಿಲ್ಲ.

ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೇಳು. ಹೊಲಿಗೆಯಂತ್ರ ತುಳಿದೇ ಅವನನ್ನು ಓದಿಸಿದವಳು ಅವಳು. ಈಗಲೂ ಸುಮ್ಮನೆ ಕೂರುವ ಜೀವವಲ್ಲ. ಬೆಂಚಿನ ಮೇಲೆ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಏನೋ, ನಿನ್ನ ಪೆಟ್ಟಿಗೆ ಇವತ್ತಾದ್ರೂ ಬಾಯಿ ಬಿಡುತ್ತಾ?" ಎಂದು ಬೆಳಿಗ್ಗೆ ಕೇಳಿದ್ದಳು. "ಹೆರಿಗೆಗೆ ಬಂದೋರೆಲ್ಲ ಮಗು ಎತ್ಕೊಂಡು ಮನೆಗೆ ಹೋದ್ರು. ನಾನೊಬ್ಬಳೇ ಒಂದು ಕಾಗದ ಹೆರೋಕೆ ಕೂತಿದೀನಿ."

"ಲ್ಯಾಬಿನೋರು ಇನ್ನೂ ನೋಡೇ ಇಲ್ಲ ಅಕ್ಕ. ಕಳಿಸಿದೀವಿ ಅಂತ ಸುಳ್ಳು ಹೇಳ್ತಿದಾರೆ."

ಅವನು ಹಾಗೆಂದೇ ನಂಬಿದ್ದ. ಲ್ಯಾಬಿನ ಮುಖ್ಯಸ್ಥೆ ಮಾತ್ರ, ವರದಿ ಮೂರನೆಯ ದಿನವೇ ಹೋಗಿದೆ, 'ತಲುಪಿತು' ಎಂದು ವರದಿಯಂತ್ರವೇ ಉತ್ತರ ಕೊಟ್ಟಿದೆ ಎಂದು ಪಟ್ಟು ಹಿಡಿದಿದ್ದಳು. ತಲುಪಿದ ವರದಿಯನ್ನು ಮತ್ತೆ ಕಳುಹಿಸುವುದು ಅವರ ಪದ್ಧತಿಯಲ್ಲ; ಯಂತ್ರಕೋಣೆಯಲ್ಲಿ ಕಳೆದುಹೋಯಿತೆಂದು ಒಂದು ಸಾಲು ಬರೆದು ಸಹಿ ಹಾಕಿದರೆ ಆ ಕ್ಷಣವೇ ಕಳುಹಿಸುವುದಾಗಿ ಎರಡು ಸಲ ತಿಳಿಸಿದ್ದಳು. ಅವನು ಬರೆಯಲಿಲ್ಲ. ತನ್ನ ಯಂತ್ರದಲ್ಲಿ ಇದುವರೆಗೆ ಒಂದು ಅಕ್ಷರವೂ ಕಳೆದಿಲ್ಲ, ಮಾಡದ ತಪ್ಪಿಗೆ ಸಹಿ ಹಾಕುವ ಕೈ ತನ್ನದಲ್ಲ ಎಂದು ಹೇಳಿಕಳುಹಿಸಿದ.

ಆ ದಿನ ಅವನು ಕೆಲಸವನ್ನು ಮತ್ತೆ ಬುಡದಿಂದ ಹಿಡಿದ. ತಂತಿ ಬದಲಿಸಿದ. ಸ್ವಿಚ್ಚಿನ ಹಸಿರು ದೀಪ ನೋಡಿದ. ವಿಳಾಸವನ್ನು ಅಂಕಿ ಅಂಕಿಯಾಗಿ ಓದಿದ. ತನ್ನ ಮೇಜಿನಿಂದ ಪಿಂಗ್ ಹಚ್ಚಿಟ್ಟ, 'ಇದ್ದೀಯಾ?' ಎಂದು ಕ್ಷಣಕ್ಕೊಮ್ಮೆ ಕೂಗಿ ಕೇಳುವ ಪರೀಕ್ಷೆ ಅದು. ಒಂಬತ್ತು ಸಲ ಉತ್ತರ ಬಂತು, ನಾಲ್ಕು ಸಲ ಬರಲಿಲ್ಲ, ಮತ್ತೆ ಬಂತು. ಕೊನೆಗೆ ಬೇರೇನೂ ತೋಚದೆ ವರದಿಯಂತ್ರವನ್ನೇ ದೀಪ ಆರಿಸಿದಂತೆ ಆರಿಸಿದ. ಪಿಂಗ್ ನಿಲ್ಲಿಸಲು ಮರೆತಿದ್ದ.

ಆರಿಸಿದ ಯಂತ್ರ ಉತ್ತರ ಕೊಟ್ಟಿತು. ಒಂದಲ್ಲ, ಎರಡಲ್ಲ, ಸಾಲುಸಾಲಾಗಿ, ಒಮ್ಮೆಯೂ ತಡವರಿಸದೆ.

ಅವನು ಎದ್ದು ಕೆಲಸದ ಪುಸ್ತಕ ತೆರೆದು ಇಪ್ಪತ್ತೈದು ದಿನ ಹಿಂದಕ್ಕೆ ಹೋದ. ತನ್ನದೇ ದುಂಡಗಿನ ಅಕ್ಷರ: 'ವರದಿಯಂತ್ರದ ನಕಲು ತೆಗೆದು ಉಗ್ರಾಣದ ಪೆಟ್ಟಿಗೆಯಲ್ಲಿ ಪರೀಕ್ಷಿಸಲಾಯಿತು. ಸರಿಯಿದೆ.' ನಕಲನ್ನು ಆರಿಸಿದ ವಿಷಯ ಅಲ್ಲಿರಲಿಲ್ಲ. ಆರಿಸಿರಲೂ ಇಲ್ಲ.

ಆಗ ನೆನಪಾಯಿತು. ಮುನ್ನೆಚ್ಚರಿಕೆಗೆಂದು ತೆಗೆದ ಆ ನಕಲನ್ನು ಮೊದಲ ಸಲ ಎಬ್ಬಿಸಿದಾಗ ಅದು ಒಂದು ಪ್ರಶ್ನೆ ಕೇಳಿತ್ತು: ಈ ಯಂತ್ರವನ್ನು ಸ್ಥಳಾಂತರಿಸಿದ್ದೀರೋ, ನಕಲು ಮಾಡಿದ್ದೀರೋ? ನಕಲು ಎಂದರೆ ಅದು ಹೊಸ ಗುರುತು ಪಡೆಯುತ್ತದೆ; ಸ್ಥಳಾಂತರ ಎಂದರೆ ಹಳೆಯ ಗುರುತಿನಲ್ಲೇ ಮುಂದುವರಿಯುತ್ತದೆ. ಅದೇ ಗಳಿಗೆಯಲ್ಲಿ ಅಕ್ಕನ ಫೋನು ಬಂದಿತ್ತು. ಕತ್ತಿನಿಂದ ಚೂರು ತೆಗೆಯುತ್ತಾರಂತೆ, ಒಬ್ಬಳೇ ಹೋಗಲು ಯಾಕೋ ಭಯ, ಜೊತೆಗೆ ಬರುತ್ತೀಯಾ ಎಂದಿದ್ದಳು. ಅವನು ಪ್ರಶ್ನೆಯನ್ನು ಅರ್ಧ ಓದಿ, 'ಸ್ಥಳಾಂತರ' ಎಂಬುದನ್ನು ಒತ್ತಿ, ಮಹಡಿ ಹತ್ತಿ ಓಡಿದ್ದ. ಅಂದಿನಿಂದ ಒಂದೇ ಹೆಸರಿಗೆ ಎರಡು ಯಂತ್ರಗಳು ಓಗೊಡುತ್ತಿದ್ದವು. ಕೂಗಿದವರ ಮಾತು ಯಾವುದಕ್ಕೆ ಸೇರಿದರೆ ಅದಕ್ಕೆ.

ಅವನು ಉಗ್ರಾಣಕ್ಕೆ ಓಡಿದ. ಮುರಿದ ಮಂಚಗಳ ನಡುವೆ ಅಲ್ಲಿನ ಹಳೆಯ ಕಂಪ್ಯೂಟರ್ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅವನ ಪಾಡು. ನಕಲಿನೊಳಗೆ ಯಾರೂ ತೆರೆಯದ ಹನ್ನೊಂದು ವರದಿಗಳಿದ್ದವು. ಮೂರನೆಯದು ಅಕ್ಕನದು. ಬಂದು ಇಪ್ಪತ್ತೆರಡು ದಿನವಾಗಿತ್ತು.

ನಕಲನ್ನು ಆರಿಸಿ, ಹನ್ನೊಂದನ್ನೂ ಅಚ್ಚುಮಾಡಿ, ಅಕ್ಕನದನ್ನು ಡಾಕ್ಟರ ಮುಂದಿಟ್ಟ. ಡಾಕ್ಟರು ದಿನಾಂಕವನ್ನು ಎರಡು ಸಲ ನೋಡಿದರು. ಆಗಲೇ ಬಂದಿದ್ದರೆ ಶಸ್ತ್ರಚಿಕಿತ್ಸೆಯೊಂದರಲ್ಲೇ ಮುಗಿಯಬಹುದಿತ್ತು, ಈಗ ಎಲ್ಲಿಯವರೆಗೆ ಹಬ್ಬಿದೆಯೋ ಮತ್ತೆ ನೋಡಬೇಕು ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ತುಸು ಹಗುರವಾಗುತ್ತಿತ್ತು.

ಅವನು ಬೆಂಚಿನ ಬಳಿ ನಿಂತ, ಕೂರಲಿಲ್ಲ.

"ಲ್ಯಾಬಿನೋರ ತಪ್ಪಲ್ಲ ಅಕ್ಕ. ನಂದು. ಒಂದು ಸಾಲು ಬರ್ಕೊಟ್ಟಿದ್ರೆ ಆವತ್ತೇ ಸಿಗ್ತಿತ್ತು. ನಾನು ಬರೀಲಿಲ್ಲ."

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟಳು. "ಡಾಕ್ಟ್ರು ಏನಂದ್ರು?"

"ಆಗ ಗಂಟು ಒಂದೇ ಇತ್ತು, ಅಂದ್ರು."

ಅವಳ ಬೆರಳುಗಳು ಕತ್ತಿನಿಂದ ಇಳಿದು ಭುಜದ ಮೂಳೆಯ ಮೇಲೆ ನಿಂತವು. "ಎರಡನೇದು ಹೋದ ವಾರಾನೇ ಕೈಗೆ ಸಿಕ್ತು ಕಣೋ. ಹೇಳಿದ್ರೆ ಊಟ ಬಿಟ್ಟು ಆ ಪೆಟ್ಟಿಗೆ ಜೊತೆ ಗುದ್ದಾಡ್ತೀಯ ಅಂತ ಸುಮ್ಮನಿದ್ದೆ."

ಅವನ ಕೈಯಲ್ಲಿ ಉಳಿದಿದ್ದ ಕಾಗದಗಳನ್ನು ಅವಳು ನೋಡಿದಳು.

"ಅವು ಯಾರವು?"

"ಬೇರೆಯವರವು. ಹತ್ತು ಜನ."

"ಮತ್ತೆ ಇಲ್ಯಾಕೆ ನಿಂತಿದೀಯ? ಹೋಗು. ನಾನು ಇಲ್ಲೇ ಇರ್ತೀನಿ, ಎಲ್ಲಿಗೆ ಹೋಗ್ಲಿ?"

ಅವನು ಕೆಳಗಿಳಿದು, ಲ್ಯಾಬಿನವರು ಕೇಳಿದ್ದ ಆ ಒಂದು ಸಾಲನ್ನು ಬರೆದು ಸಹಿ ಹಾಕಿದ. ಇನ್ನು ಅದರಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಆಮೇಲೆ ಮೊದಲನೆಯ ಕಾಗದದಲ್ಲಿದ್ದ ಸಂಖ್ಯೆಗೆ ಫೋನು ಮಾಡಿದ. ಹೆಂಗಸೊಬ್ಬಳು ಎತ್ತಿಕೊಂಡಳು. ಆಸ್ಪತ್ರೆಯಿಂದ ಎಂದು ಕೇಳಿದೊಡನೆ ಅವಳ ದನಿ ಅರಳಿತು.

"ಅಪ್ಪನ ರಿಪೋರ್ಟಾ? ಬಿಡಿ ಸಾರ್, ನಮಗೆ ಗೊತ್ತು. ಇಷ್ಟು ದಿನ ನೀವು ಏನೂ ಹೇಳ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತಾನೇ ಅಲ್ವಾ?"

ಅವನ ಮುಂದಿದ್ದ ಕಾಗದದಲ್ಲಿ ಹಾಗಿರಲಿಲ್ಲ.