ಬಳುಕುವ ಕಾಲಿನ ಸ್ಟ್ಯಾಂಡು

ನಮ್ಮೂರಲ್ಲಿ ಯಾರ ಮುಖ ಹೇಗಿದೆ ಅನ್ನುವುದನ್ನು ತೀರ್ಮಾನ ಮಾಡುವವನು ನಾನು. ಹುಟ್ಟಿನಿಂದ ಬಂದ ಮುಖ ಬರೀ ಕಚ್ಚಾ ಮಾಲು. ನನ್ನ ಸ್ಟುಡಿಯೋದ ಎತ್ತರದ ಸ್ಟೂಲಿನ ಮೇಲೆ ಕೂತು, ನಾನು ಹೇಳಿದ ಹಾಗೆ ಗಲ್ಲವನ್ನು ಒಂದು ಕೂದಲೆಳೆಯಷ್ಟು ಇಳಿಸಿದವರು ಕೆಳಗಿಳಿಯುವ ಹೊತ್ತಿಗೆ ಬೇರೆಯೇ ಮನುಷ್ಯರಾಗಿರುತ್ತಾರೆ. ಇಡೀ ಊರಿಗೇ ತಲೆನೋವಾಗಿದ್ದ ಒಬ್ಬ ಜಗಳಗಂಟನಿಗೆ ಪಾಸ್‌ಪೋರ್ಟ್ ಫೋಟೋ ತೆಗೆದುಕೊಟ್ಟಿದ್ದೆ. ಅದನ್ನು ನೋಡಿದ ಗಡಿಯ ಅಧಿಕಾರಿ ಎದ್ದು ನಿಂತು ತನ್ನ ಕುರ್ಚಿ ಬಿಟ್ಟುಕೊಟ್ಟನಂತೆ. ಆಮೇಲೆ ನಮ್ಮವನು ಬಾಯಿ ಬಿಟ್ಟ, ವಾಪಸ್ ಕಳಿಸಿದರು. ಅದಕ್ಕೆ ನಾನು ಹೊಣೆಯಲ್ಲ. ಫೋಟೋದಲ್ಲಿ ಧ್ವನಿ ಬರುವುದಿಲ್ಲ.

ಇಂಥ ನಾನು ನನ್ನ ಮದುವೆಯ ಫೋಟೋ ತೆಗೆಯುವ ಕೆಲಸವನ್ನು ಇನ್ನೊಬ್ಬನ ಕೈಗೆ ಕೊಡುತ್ತೇನೆಯೇ? ನಾನೇ ತೆಗೆದೆ. ಭೂಮಿಯ ಮೇಲೆ ಅಂಥ ಮದುವೆ ಆಲ್ಬಮ್ ಇನ್ನೊಂದಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಮೊದಲ ಪುಟದಲ್ಲಿ ಮದುಮಗಳು, ಪಕ್ಕದಲ್ಲಿ ಖಾಲಿ ಕುರ್ಚಿ. ಎರಡನೆಯದರಲ್ಲಿ ಮದುಮಗಳು, ಖಾಲಿ ಕುರ್ಚಿ, ಹಿಂದೆ ನನ್ನ ಅತ್ತೆ, ಮಾವ. ಬೆಳಕು ಬಿದ್ದಿರುವ ರೀತಿ ನೋಡಿದರೆ ಆ ಕುರ್ಚಿಗೇ ನಾಚಿಕೆಯಾದಂತೆ ಕಾಣುತ್ತದೆ. ಮಧ್ಯಾಹ್ನದ ಮೇಲೆ ಕಾಲು ನೋಯುತ್ತಿದ್ದ ಯಾರೋ ದೂರದ ನೆಂಟ ಬಂದು ಅದರಲ್ಲಿ ಕೂತುಬಿಟ್ಟ. ಅಲ್ಲಿಂದ ಮುಂದಿನ ಫೋಟೋಗಳಲ್ಲೆಲ್ಲ ನನ್ನ ಹೆಂಡತಿಗೆ ಅವನೇ ಗಂಡ.

ಆಮೇಲಿನ ವರ್ಷಗಳದ್ದೂ ಇದೇ ಕಥೆ. ನಡುಮನೆಯ ಗೋಡೆಯ ತುಂಬ ಫೋಟೋ. ಕಡಲ ತೀರದಲ್ಲಿ ಅವಳು, ಬೆಟ್ಟದ ಮೇಲೆ ಅವಳು, ರೈಲಿನ ಬಾಗಿಲಲ್ಲಿ ಅವಳು. ಒಂದೊಂದೂ ಬಹುಮಾನಕ್ಕೆ ಯೋಗ್ಯ. ಪಕ್ಕದ ಮನೆಗೆ ಹೊಸದಾಗಿ ಬಂದ ನರ್ಸಮ್ಮ ಒಂದು ದಿನ ಅವನ್ನೆಲ್ಲ ನಿಧಾನವಾಗಿ ನೋಡಿ, ನನ್ನವಳ ಕೈ ಹಿಡಿದುಕೊಂಡು, "ಒಬ್ಬರೇ ಇದ್ದು ಇಷ್ಟು ಧೈರ್ಯವಾಗಿ ಹೇಗಮ್ಮಾ ಬದುಕ್ತಿದೀರಿ?" ಅಂದರಂತೆ. "ಅಭ್ಯಾಸ ಆಗಿದೆ," ಅಂದಳಂತೆ ನನ್ನವಳು.

ಆ ಸಂಜೆ ಊಟದ ತಟ್ಟೆ ಮುಂದಿಡುತ್ತ ಹೇಳಿದಳು. "ರೀ, ಒಂದೇ ಒಂದು ಫೋಟೋ ಬೇಕು. ನಾನೂ ಇರ್ಬೇಕು, ನೀವೂ ಇರ್ಬೇಕು. ಅಷ್ಟೇ. ಚೆನ್ನಾಗಿ ಬರ್ಬೇಕು ಅಂತೇನೂ ಇಲ್ಲ."

ಕೊನೆಯ ಮಾತು ನನ್ನ ಎದೆಗೆ ಭರ್ಜಿಯ ಹಾಗೆ ನಾಟಿತು. ಚೆನ್ನಾಗಿ ಬರದ ಫೋಟೋವಂತೆ. ನನ್ನ ಮನೆಯಲ್ಲಿ.

ಮುಂದಿನ ವಾರ ಸರೋವರದ ಊರಿಗೆ ಪ್ರವಾಸ ಹೊರಡುವುದಿತ್ತು. ನಾವಿಬ್ಬರು, ನನ್ನವಳ ಅಕ್ಕ, ಅಕ್ಕನ ಗಂಡ. ಈ ಷಡ್ಡಕ ಹಲ್ಲಿನ ಡಾಕ್ಟರು. ಯಾರು ನಕ್ಕರೂ ಕಣ್ಣು ನೋಡದೆ ದವಡೆ ನೋಡುವ ಮನುಷ್ಯ. ನಾನು ನೆಟ್ಟಗೆ ಕ್ಯಾಮೆರಾ ಅಂಗಡಿಗೆ ಹೋದೆ. ಅಲ್ಲಿಯವನು ಗಾಜಿನ ಕಪಾಟಿನಿಂದ ಒಂದು ವಸ್ತು ತೆಗೆದು ಮೇಜಿನ ಮೇಲಿಟ್ಟ. ಗೇಣುದ್ದದ ಸ್ಟ್ಯಾಂಡು. ಮೂರು ಕಾಲು, ಒಂದೊಂದು ಕಾಲಿನಲ್ಲೂ ಪೋಣಿಸಿದ ಹಾಗೆ ಸಾಲಾಗಿ ಕಪ್ಪು ಗುಂಡುಗಳು, ಸುತ್ತ ರಬ್ಬರಿನ ಪಟ್ಟಿ. ಹೇಗೆ ಬೇಕಾದರೂ ಬಾಗುತ್ತದೆ, ಬಾಗಿಸಿದಲ್ಲಿ ನಿಲ್ಲುತ್ತದೆ.

"ಇದನ್ನ ನಿಲ್ಸೋಕೆ ನೆಲಾನೇ ಬೇಡ ಸಾರ್," ಅಂದ ಅಂಗಡಿಯವನು. "ಕಂಬಿಗೆ ಸುತ್ತಿ, ಕೊಂಬೆಗೆ ಸುತ್ತಿ, ಕುರ್ಚಿ ಬೆನ್ನಿಗೆ ಸುತ್ತಿ. ಟೈಮರ್ ಹಾಕಿ ಓಡಿಹೋಗಿ ನಿಂತ್ಕೊಂಡ್ರೆ ಆಯ್ತು. ಒಂದು ಕಾಲು ಮಾತ್ರ ಲೆನ್ಸ್ ಕೆಳಗೆ ಬರೋ ಹಾಗೆ ಇಡಿ."

ನನಗೆ ಹೇಳಿಕೊಡುತ್ತಾನೆ. ಡಬ್ಬಿಯ ಮೇಲೆ 'ಚಿಕ್ಕ ಕ್ಯಾಮೆರಾಗಳಿಗೆ ಮಾತ್ರ' ಎಂದು ಅಚ್ಚಾಗಿತ್ತು. ಅದು ಸಾಮಾನ್ಯರಿಗೆ ಬರೆದಿದ್ದು. ನನ್ನ ಸ್ಟುಡಿಯೋ ಕ್ಯಾಮೆರಾ ಹೆಚ್ಚೆಂದರೆ ಒಂದು ಕರುವಿನಷ್ಟು ತೂಕವಿದ್ದೀತು.

ಹೊರಡುವ ಮುಂಚೆ ಮನೆಯಲ್ಲಿ ಅಭ್ಯಾಸ ಮಾಡಿದೆ. ಫ್ರಿಜ್ಜಿನ ಹಿಡಿಗೆ ಸುತ್ತಿದೆ, ಕಿಟಕಿಯ ಸರಳಿಗೆ ಸುತ್ತಿದೆ, ಅಡುಗೆಮನೆಯ ನಲ್ಲಿಗೂ ಸುತ್ತಿದೆ. ನಲ್ಲಿ ತಿರುಗಿಕೊಂಡು ನೀರು ಬಂತು. ಆದರೂ ಸ್ಟ್ಯಾಂಡು ಹಿಡಿದ ಹಿಡಿತ ಬಿಡಲಿಲ್ಲ. ಅಂದೇ ಅದರ ಮೇಲೆ ನನಗೆ ಗೌರವ ಹುಟ್ಟಿತು.

ಬಸ್ಸಿನಲ್ಲಿ ಅದನ್ನು ನೋಡಿದ ಅತ್ತಿಗೆ ಕಾಲು ಮೇಲೆತ್ತಿ ಕೂತರು. "ಏನ್ರೀ ಅದು, ಮೂರು ಕಾಲಿನ ಜಂತು?"

"ನಿಮ್ಮ ತಂಗಿ ಪಕ್ಕದಲ್ಲಿ ನನ್ನನ್ನ ನಿಲ್ಲಿಸೋ ಯಂತ್ರ ಅತ್ತಿಗೆ."

"ಅದಕ್ಕೆ ಯಂತ್ರ ಬೇಕಾ? ನಮ್ಮನೆಯವರು ಕರೆದ್ರೆ ಬಂದು ನಿಲ್ತಾರೆ."

"ಕರೀದಿದ್ರೂ ನಿಲ್ತೀನಿ," ಅಂದರು ಡಾಕ್ಟರು, ಡ್ರೈವರನ ಬಾಯಿಯನ್ನು ಕನ್ನಡಿಯಲ್ಲಿ ಪರೀಕ್ಷಿಸುತ್ತ.

ಸರೋವರದ ನೆತ್ತಿಯ ಮೇಲೆ ನೋಟದ ಕಟ್ಟೆ. ಕಬ್ಬಿಣದ ಕಂಬಿಯ ಆಚೆ ಬೆಟ್ಟ, ನೀರು, ದೋಣಿ. ಎಲ್ಲರೂ ಆ ಕಡೆ ಮುಗಿಬಿದ್ದಿದ್ದರು. ಆದರೆ ಬೆಳಕು ಚೆನ್ನಾಗಿದ್ದದ್ದು ಹಿಂದುಗಡೆ, ನೀರಿನ ಪಂಪ್‌ಹೌಸಿನ ಗೋಡೆಯ ಹತ್ತಿರ. ಫೋಟೋ ಅಂದರೆ ಬೆಳಕು, ಬೆಟ್ಟವಲ್ಲ. ಪಂಪ್‌ಹೌಸಿನ ಎದುರು ಕಂಬಿಗೆ ಎರಡು ಕಾಲು ಸುತ್ತಿ, ಮೂರನೆಯದನ್ನು ಕೆಳಗೆ ಊರಿ, ಕ್ಯಾಮೆರಾ ತಿರುಪಿ ಬಿಗಿದೆ. ಮೂವರನ್ನೂ ಗೋಡೆಗೆ ಒರಗಿಸಿ, ಟೈಮರ್ ಒತ್ತಿ ಓಡಿದೆ.

ಮೊದಲನೆಯದರಲ್ಲಿ ನನ್ನ ಬೆನ್ನು ಬಂತು. ಬೆನ್ನೇ ಆದರೂ ಭವ್ಯವಾದ ಬೆನ್ನು. ಅತ್ತಿಗೆ ನಕ್ಕರು, ಅವರಿಗೆ ಕಲೆಯ ಗಂಧವಿಲ್ಲ. ಎರಡನೆಯ ಸಲ ಗಾಳಿಗಿಂತ ಮೊದಲೇ ತಲುಪಿದೆ, ಆದರೆ ಡಾಕ್ಟರ ಕಾಲರ್ ಮಡಚಿತ್ತು. ಮಡಚಿದ ಕಾಲರನ್ನು ಹಾಗೇ ಬಿಟ್ಟು ನಿಲ್ಲಲು ನಾನೇನು ಕಲ್ಲೇ? ಕೈ ಹಾಕಿದೆ. ಫೋಟೋದಲ್ಲಿ ನಾನು ಷಡ್ಡಕನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿರುವ ಹಾಗಿದೆ. ಅತ್ತಿಗೆ ಬಿಡಿಸಲು ಬರುತ್ತಿದ್ದಾರೆ. ಮೂರನೆಯದರಲ್ಲಿ ನನ್ನವಳ ಗಲ್ಲ ಸ್ವಲ್ಪ ಮೇಲಿತ್ತು, ಬಗ್ಗಿ ಸರಿಪಡಿಸಿದೆ. ನನ್ನ ನಡುನೆತ್ತಿ ಬಂತು. ನಾಲ್ಕನೆಯ ಸಲ ನೆಟ್ಟಗೆ ಕಂಬದ ಹಾಗೆ ನಿಂತೆ. ಕ್ಯಾಮೆರಾದ ಮೂಗು ಕೆಳಗಿಳಿಯುತ್ತಿರುವುದು ಅಷ್ಟು ದೂರದಿಂದಲೂ ಕಂಡಿತು. ನನ್ನ ಕಣ್ಣು ಅಂಥದ್ದು. ಸರಿಪಡಿಸಲು ಎರಡು ಹೆಜ್ಜೆ ಮುಂದೆ ಬಂದೆ, ಫೋಟೋದಲ್ಲಿ ನನ್ನ ಹೊಟ್ಟೆ ಮಾತ್ರ ಬಂತು.

ಅಷ್ಟರಲ್ಲಿ ನಮ್ಮ ಪಕ್ಕದಲ್ಲಿ ಒಂದು ಸಾಲು ಬೆಳೆದಿತ್ತು. ಸ್ಟ್ಯಾಂಡು ಹಾಕಿ ತೆಗೆಯುತ್ತಿದ್ದಾರೆ ಅಂದಮೇಲೆ ನೋಡಬೇಕಾದ ಜಾಗ ಇದೇ ಇರಬೇಕೆಂದು ಜನ ಸರೋವರಕ್ಕೆ ಬೆನ್ನು ಹಾಕಿ ಪಂಪ್‌ಹೌಸಿನ ಮುಂದೆ ನಿಂತಿದ್ದರು. ಒಬ್ಬ ಗೈಡು ಆಗಲೇ ಗೋಡೆ ತೋರಿಸಿ, ಕೈಯಾಡಿಸಿ ಏನೋ ವಿವರಿಸುತ್ತಿದ್ದ. ಹೊಸದಾಗಿ ಮದುವೆಯಾದ ಜೋಡಿಯೊಂದು ಪಂಪಿನ ಗೇಟ್‌ವಾಲ್ವಿನ ಚಕ್ರವನ್ನು ಇಬ್ಬರೂ ಸೇರಿ ಹಿಡಿದು ಫೋಟೋ ತೆಗೆಸಿಕೊಂಡರು. ಸರೋವರದ ಕಡೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಬೆಟ್ಟಕ್ಕೆ ಎಷ್ಟು ಅವಮಾನವಾಯಿತೋ, ಮೋಡ ಎಳೆದುಕೊಂಡು ಮರೆಯಾಯಿತು.

ಬಸ್ ಡ್ರೈವರ್ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತ ಇದನ್ನೆಲ್ಲ ನೋಡುತ್ತಿದ್ದ. ಲೋಟ ಕೆಳಗಿಟ್ಟು ಬಂದ. "ಕೊಡಿ ಸಾರ್, ನಾನು ಒತ್ತುತೀನಿ. ನೀವು ಅಮ್ಮಾವ್ರ ಪಕ್ಕ ನಿಂತ್ಕೊಳ್ಳಿ."

ನನ್ನವಳ ಮುಖ ಅರಳಿತು.

"ಅಲ್ಲಪ್ಪಾ," ಅಂದೆ, "ನೀನು ಬಸ್ ಓಡಿಸೋವಾಗ ನಾನು ಬಂದು ಸ್ಟಿಯರಿಂಗ್ ಹಿಡೀತೀನಾ?"

"ನಿಂತಿರೋವಾಗ ಹಿಡ್ಕೊಳ್ಳಿ ಸಾರ್, ಬೇಡ ಅನ್ನಲ್ಲ," ಅಂದು ಅವನು ಕಾಫಿಯ ಹತ್ತಿರ ಹೋದ.

ನನ್ನವಳು ಗೋಡೆ ಬಿಟ್ಟು ಹೋಗಿ, ಯಾರೂ ಇಲ್ಲದ ಕಂಬಿಯ ಹತ್ತಿರ ಒಬ್ಬಳೇ ನಿಂತು ಸರೋವರ ನೋಡತೊಡಗಿದಳು. ಬೆಳಕು ಅವಳ ಎಡಗೆನ್ನೆಯ ಮೇಲೆ ಹೇಗೆ ಬಿದ್ದಿತ್ತು ಅಂದರೆ, ನನ್ನ ಕೈ ತಾನಾಗಿಯೇ ಕ್ಯಾಮೆರಾ ಬಿಚ್ಚಿತು. ತೆಗೆದೆ. ಅದ್ಭುತವಾಗಿ ಬಂತು. ತೋರಿಸಲು ಓಡಿದೆ.

ನೋಡಿದಳು. "ಇದೂ ಒಬ್ಬಳದ್ದೇ," ಅಂದಳು.

ಪ್ರವಾಸದ ಉಳಿದ ದಿನಗಳಲ್ಲಿ ಆ ಸ್ಟ್ಯಾಂಡಿನಿಂದ ನಾನು ಮಾಡದ ಸಾಹಸವಿಲ್ಲ. ಬೀದಿದೀಪಕ್ಕೆ ಸುತ್ತಿದೆ, ಸೈಕಲ್ ಹ್ಯಾಂಡಲಿಗೆ ಸುತ್ತಿದೆ; ಸೈಕಲಿನವನು ಅದನ್ನು ಗಮನಿಸದೆ ಹೊರಟುಹೋದ, ಹಿಂದೆ ಓಡಿ ಕ್ಯಾಮೆರಾ ಬಿಡಿಸಿಕೊಂಡೆ. ಆ ಓಟದಲ್ಲಿ ಕ್ಯಾಮೆರಾ ತಾನೇ ತೆಗೆದ ಫೋಟೋದಲ್ಲಿ ನಾನಿದ್ದೇನೆ, ಬಾಯಿ ತೆರೆದು, ಕೈ ಚಾಚಿ. ನನ್ನವಳಿಲ್ಲ. ಹೋಟೆಲ್ ಕೋಣೆಯ ಮಂಚದ ತಲೆಗೆ ಸುತ್ತಿದಾಗ ಅದು ರಾತ್ರಿಯಿಡೀ ಮೆಲ್ಲಗೆ ಬಾಗಿ, ಬೆಳಗ್ಗೆ ದಿಂಬಿನ ಮೇಲೆ ನನ್ನ ಪಕ್ಕ ತಲೆಯಿಟ್ಟು ಮಲಗಿತ್ತು. ಇಷ್ಟಾಗುವ ಹೊತ್ತಿಗೆ ಅವಳು ಫೋಟೋಗೆ ನಿಲ್ಲುವುದನ್ನೇ ಬಿಟ್ಟಿದ್ದಳು. ಕರೆದರೆ, "ನೀವು ಮೊದ್ಲು ನಿಂತ್ಕೊಳ್ಳಿ, ಆಮೇಲೆ ಬರ್ತೀನಿ," ಅನ್ನುತ್ತಿದ್ದಳು. ನಾನು ಮೊದಲು ನಿಂತರೆ ಅವಳಿಗೆ ಜಾಗ ಹೇಳುವವರು ಯಾರು?

ಕೊನೆಯ ಮಧ್ಯಾಹ್ನ ದೋಣಿಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಮರದ ಹಲಗೆಯ ಕಟ್ಟೆ, ತುದಿಯಲ್ಲಿ ಕಬ್ಬಿಣದ ಕೈಯಿರುವ ಬೆಂಚು.

"ಇದೊಂದು ಸಲ," ಅಂದೆ.

"ಬಿಡಿ ರೀ. ಆಗಲ್ಲ ಅಂದ್ರೆ ಆಗಲ್ಲ." ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಮಾಧಾನ ಮಾಡುವ ಕಲೆಯಲ್ಲೂ ನನ್ನನ್ನು ಮೀರಿಸುವವರಿಲ್ಲ. ಆಸೆ ಬಿಟ್ಟವರ ದನಿಗೆ ಏನು ಮಾಡುವುದು, ನನಗೂ ಗೊತ್ತಾಗಲಿಲ್ಲ.

ದೋಣಿ ಕಟ್ಟುವ ಗೂಟಕ್ಕೆ ಸ್ಟ್ಯಾಂಡು ಸುತ್ತಿದೆ. ಎಲ್ಲರೂ ಬೆಂಚಿನ ಮೇಲೆ ಕೂತರು. ಟೈಮರ್ ಒತ್ತಿ ಬಂದು ಕೂತೆ. ಯಾರ ಕಾಲರನ್ನೂ ನೋಡಲಿಲ್ಲ, ಯಾರ ಗಲ್ಲವನ್ನೂ ಮುಟ್ಟಲಿಲ್ಲ, ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಕ್ಯಾಮೆರಾ ನಮಸ್ಕಾರ ಮಾಡುವವರ ಹಾಗೆ ನಿಧಾನವಾಗಿ ತಲೆ ಬಾಗಿಸಿತು. ಕ್ಲಿಕ್ ಅಂದಿತು.

ನಾಲ್ಕು ಜೊತೆ ಕಾಲು ಬಂದಿತ್ತು.

ನನ್ನವಳು ತುಂಬ ಹೊತ್ತು ನೋಡಿದಳು. "ಇದು ನಿಮ್ಮ ಕಾಲಾ?"

"ಹೌದು."

"ನನ್ನ ಪಕ್ಕದಲ್ಲೇ ಇದೆ." ಪರದೆಯ ಮೇಲೆ ಬೆರಳಿಟ್ಟು, "ಪಾದದಿಂದ ಶುರು ಆಗಿದೆ, ಪರವಾಗಿಲ್ಲ," ಅಂದಳು.

ಆಮೇಲೆ ಎದ್ದಳು. ಸ್ಟ್ಯಾಂಡಿನಿಂದ ಕ್ಯಾಮೆರಾ ಬಿಚ್ಚಿ ಡಾಕ್ಟರ ಕೈಗೆ ಕೊಟ್ಟಳು. "ಭಾವ, ಎದುರಿಗೆ ಹೋಗಿ ನಿಂತ್ಕೊಳ್ಳಿ. ಅಕ್ಕಾ, ನೀನೂ ಏಳು."

"ಅವರ ಕೈಗೆ ಕೊಡ್ಬೇಡ," ಅಂತ ನಾನು ಏಳುವಷ್ಟರಲ್ಲಿ ನನ್ನ ಮಣಿಕಟ್ಟಿಗೆ ಏನೋ ತಣ್ಣಗೆ ಸುತ್ತಿಕೊಂಡಿತು. ಸ್ಟ್ಯಾಂಡಿನ ಒಂದು ಕಾಲು. ಇನ್ನೊಂದನ್ನು ಬೆಂಚಿನ ಕಬ್ಬಿಣದ ಕೈಗೆ ಸುತ್ತಿದಳು. ಮೂರನೆಯದನ್ನು ಎರಡರ ಮೇಲೂ ಬಿಗಿದು ಗಂಟಿನ ಹಾಗೆ ತಿರುಚಿ ನನ್ನ ಪಕ್ಕ ಕೂತಳು. ಇಷ್ಟು ಅಚ್ಚುಕಟ್ಟಾಗಿ ಸುತ್ತಲು ಯಾವಾಗ ಕಲಿತಳೋ. ಆನೆಯನ್ನು ಕಟ್ಟಿದ್ದರೂ ಬಿಡುತ್ತಿರಲಿಲ್ಲ. ನನ್ನ ಬಲ ಆನೆಗಿಂತ ಸ್ವಲ್ಪ ಕಡಿಮೆ.

ಎದುರಿಗೆ ಡಾಕ್ಟರು ಕ್ಯಾಮೆರಾವನ್ನು ನನ್ನ ಮುಖದ ಹತ್ತಿರ ತಂದರು, ಹಲ್ಲು ನೋಡುವವರ ಹಾಗೆ.

"ಹಿಂದೆ ಹೋಗಿ ಭಾವ," ಕೂತಲ್ಲಿಂದಲೇ ಕೂಗಿದೆ. "ಹೆಬ್ಬೆರಳು ತೆಗೀರಿ. ಬಿಸಿಲಿಗೆ ಎದುರಾಗಿ ತೆಗೀಬಾರ್ದು. ಓರೆಯಾಗಿದೆ, ಓರೆ—"

"ಬಾಯಿ ಹಾಗೇ ತೆಗೆದಿರು," ಅಂದರು ಡಾಕ್ಟರು. ಒತ್ತಿದರು.

ಆ ಫೋಟೋವನ್ನು ವೃತ್ತಿಯ ಕಣ್ಣಿನಿಂದ ವರ್ಣಿಸುತ್ತೇನೆ. ಸರೋವರ ಬಲಗಡೆಗೆ ಸುರಿದುಹೋಗುತ್ತಿದೆ. ಮೇಲಿನ ಮೂಲೆಯಲ್ಲಿ ಹೆಬ್ಬೆರಳು, ಉದಯಿಸುವ ಸೂರ್ಯನ ಹಾಗೆ. ನನ್ನ ಒಂದು ಕಿವಿ ಕತ್ತರಿಸಿಹೋಗಿದೆ, ಬಾಯಿ ಗುಹೆಯಾಗಿದೆ, ಕಣ್ಣು ಎರಡು ದಿಕ್ಕಿಗೆ. ನನ್ನವಳು ಕ್ಯಾಮೆರಾ ನೋಡುತ್ತಿಲ್ಲ. ನನ್ನ ಕಡೆ ತಿರುಗಿ ನಗುತ್ತಿದ್ದಾಳೆ. ಆ ನಗು ನಾನು ತೆಗೆದ ಒಂದು ಫೋಟೋದಲ್ಲೂ ಇಲ್ಲ. ಹೇಗಿದ್ದೀತು, ನಾನು ಅವಳ ಪಕ್ಕದಲ್ಲಿ ಇದ್ದರೆ ತಾನೇ.

"ಎಡಗಡೆ ಮೇಲ್ದವಡೇಲಿ ಒಂದು ಹುಳುಕಿದೆ," ಅಂದರು ಡಾಕ್ಟರು ಪರದೆ ದೊಡ್ಡದು ಮಾಡಿ. "ಊರಿಗೆ ಹೋದ್ಮೇಲೆ ಬಾ."

"ಅಳಿಸಿ ಅದನ್ನ," ಅಂದೆ. "ಬಿಚ್ಚು ಇದನ್ನ, ಸರಿಯಾಗಿ ಇನ್ನೊಂದು ತೆಗೆಯೋಣ."

"ಅಳಿಸಿದ್ರೆ ನೋಡಿ," ಅಂದಳು ನನ್ನವಳು. ಕ್ಯಾಮೆರಾ ಇಸಕೊಂಡು ತನ್ನ ಚೀಲದೊಳಗಿಟ್ಟು ಜಿಪ್ ಎಳೆದಳು. ಬಸ್ಸು ಬಂದು ಹಾರ್ನ್ ಹೊಡೆಯಿತು. ಸ್ಟ್ಯಾಂಡಿನ ಕಾಲು ಬಿಡಿಸಲು ಅವಳೂ ಅತ್ತಿಗೆಯೂ ಸೇರಿ ಎಳೆಯಬೇಕಾಯಿತು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಹಿಡಿದದ್ದನ್ನು ಬಿಡುವ ಜಾತಿಯದಲ್ಲ ಅದು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು, ನಾನು ಅವಳ ಪಕ್ಕ. ದಾರಿಯುದ್ದಕ್ಕೂ ಚೀಲ ತೆಗೆಯುವುದು, ನೋಡುವುದು, ಮುಚ್ಚುವುದು. ಸುರಂಗದಲ್ಲೂ ಅವಳ ಮುಖದ ಮೇಲೆ ಪರದೆಯ ಬೆಳಕು.

"ಏನು ಅಷ್ಟೊಂದು ನೋಡ್ತೀಯ?"

"ಏನಿಲ್ಲ. ನಾವಿಬ್ರೂ ಜೊತೇಲಿ ನೋಡೋಕೆ ಹೀಗಿದೀವಾ ಅಂತ."

"ಓರೆಯಾಗಿದೆ," ಅಂದೆ.

"ಇರ್ಲಿ," ಅಂದಳು, ಕ್ಯಾಮೆರಾ ನನ್ನ ಕೈಗೆ ಕೊಡದೆ.